ಕೆ. ಗುಡಿ ಸಫಾರಿ: ಕಣ್ಣಿಗಿಂತ ಕಿವಿಗೆ ಕೆಲಸ ಹೆಚ್ಚು
ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿ (ಕ್ಯಾತದೇವರ ಗುಡಿ) ಸಫಾರಿಯನ್ನು ಬಂಡೀಪುರದ ಲೆಕ್ಕದಲ್ಲಿ ಅಳೆಯಬೇಡಿ. ಇದು 2011ರಿಂದ ಹುಲಿ ಸಂರಕ್ಷಿತ ಪ್ರದೇಶ ನಿಜ, ಆದರೆ ಲಂಟಾನ ಪೊದೆ ರಸ್ತೆಯಂಚಿಗೇ ಒತ್ತಿ ಬೆಳೆದಿರುವ ಕಡೆ ಹತ್ತಡಿ ಒಳಗೆ ಆನೆ ನಿಂತರೂ ಕಾಣದು. ಹುಲಿಯ ಸುಳಿವು ಸಿಕ್ಕಿ ಕಡವೆ ಕೂಗಿದೊಡನೆ ಜೀಪಿನ ಇಂಜಿನ್ ಆರಿಸಿ ಕಾಯುವ ಚಾಲಕ ಸಿಕ್ಕರೆ ಅರ್ಧ ಗೆದ್ದಂತೆ.

ಕಾಟಿಗಳು (ಕಾಡುಕೋಣಗಳು) ಮಾತ್ರ ಹತ್ತಿರವೇ ಸಿಗಬಹುದು: ಎಣ್ಣೆ ಸವರಿದಂತೆ ಹೊಳೆಯುವ ಕಪ್ಪು ಮೈ, ಮೊಣಕಾಲಿನ ಕೆಳಗೆ ಬಿಳಿ ಕಾಲುಚೀಲ. ತಲೆಯೆತ್ತಿ ದಿಟ್ಟಿಸಿದರೆ ಅಲುಗಾಡಬೇಡಿ, ಮತ್ತೆ ಮೇಯುತ್ತವೆ.

ಕ್ಯಾಮೆರಾಗೆ 100-400 ಮಿ.ಮೀ. ಜೂಮ್ ಲೆನ್ಸ್ ಸಾಕು. 600 ತಂದರೆ ತಿರುವುಗಳಲ್ಲಿ ಪ್ರಾಣಿ ಚೌಕಟ್ಟಿನಾಚೆ ಹೋಗುತ್ತದೆ. ಮರದ ನೆರಳು ದಟ್ಟ, ಐಎಸ್‌ಒ (ಕ್ಯಾಮೆರಾ ಬೆಳಕು ಗ್ರಹಿಸುವ ಮಟ್ಟ) 1600ಕ್ಕಿಂತ ಕೆಳಗೆ ಇಳಿಸದಿರಿ, ಚಿತ್ರ ಮಸುಕಾಗುತ್ತದೆ. ಬೆಳಗಿನ ಸರದಿಗೆ ಸ್ವೆಟರ್ ಬೇಕೇ ಬೇಕು. ಕುರುಚಲು ಕಾಡು, ಎಲೆಯುದುರುವ ಕಾಡು, ಶೋಲಾ (ಎತ್ತರದ ಕಣಿವೆಗಳ ನಿತ್ಯಹಸಿರು ಕಾಡು), ಹುಲ್ಲುಗಾವಲು ಒಂದೇ ಬೆಟ್ಟಸಾಲಿನಲ್ಲಿರುವುದೇ ಇಲ್ಲಿನ ನಿಜವಾದ ಸಂಪತ್ತು.