ಬೈತಖೋಲದ ಗಾಳದ ದೋಣಿ: ಇಂಜಿನ್ ಯಾವಾಗ ಬಂದ್ ಮಾಡಬೇಕೆಂದು ಗೊತ್ತಿರುವವರು

ಯಾದಗಿರಿಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಭಾನುವಾರ ಬಂತೆಂದರೆ ಭೀಮಾ ದಂಡೆ. ಗುರುಸಣಗಿ ಬ್ಯಾರೇಜಿನ ಕೆಳಗೆ ಕಲ್ಲಿನ ಮೇಲೆ ನಿಂತು ಮರಲ್ ಮೀನಿಗೆ ಗಾಳ ಹಾಕುವುದು ಹತ್ತು ವರ್ಷದ ರೂಢಿ. ಇದೇ ಹಗುರ ಕೋಲಿನಲ್ಲಿ ಸಮುದ್ರದ ಮೀನು ಹಿಡಿಯಬೇಕು ಅನ್ನುವ ಆಸೆ ಬಹಳ ದಿನದ್ದು. ಕಳೆದ ಡಿಸೆಂಬರ್‌ನಲ್ಲಿ ನಾನು, ನನ್ನ ಸೋದರಳಿಯ, ಶಹಾಪುರದ ಒಬ್ಬ ಗೆಳೆಯ ಮೂವರೂ ಕಾರವಾರಕ್ಕೆ ಹೋಗಿ ಬಂದೆವು. ಅಲ್ಲಿ ಹತ್ತಿದ ದೋಣಿಯ ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ಕಡೆಯವರು ಅಷ್ಟು ದೂರ ಹೋದರೆ ರಜೆಯೂ ಹೋಗುತ್ತದೆ, ದುಡ್ಡೂ ಹೋಗುತ್ತದೆ. ಎರಡೂ ದಂಡ ಆಗಬಾರದು ಅಲ್ವಾ?

ನನಗೆ ಒಮ್ಮೆ ದಂಡ ಆಗಿದೆ. ಎರಡು ವರ್ಷದ ಹಿಂದೆ ಕರಾವಳಿಯ ಬೇರೆ ಊರಿನಲ್ಲಿ ಒಂದು ದೋಣಿ ಹಿಡಿದಿದ್ದೆ. ಮೀನಿನ ಗುಂಪು ಕಂಡ ತಕ್ಷಣ ಆ ದೋಣಿಯವರು ಪೂರ್ತಿ ಜೋರಿನಲ್ಲಿ ಅದರ ನಡುವೆಯೇ ನುಗ್ಗಿಸಿದರು. ಗುಂಪು ಮುಳುಗಿತು. ದೂರದಲ್ಲಿ ಮತ್ತೆ ಎದ್ದಿತು, ಮತ್ತೆ ನುಗ್ಗಿಸಿದರು. ನಾಲ್ಕು ಸಲ ಹೀಗೇ ಆಯಿತು. ಒಂದು ಮೀನೂ ಸಿಗಲಿಲ್ಲ. ಆವತ್ತು ರಾತ್ರಿ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ.

ಈ ಸಲ ಹುಬ್ಬಳ್ಳಿ ತನಕ ರಾತ್ರಿ ಬಸ್ಸು. ಅಲ್ಲಿಂದ ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲಾ ಮೇಲೆ ಕಾರವಾರ. ಒಂದು ರಾತ್ರಿ ಅಲ್ಲೇ ಮಲಗಿ ಬೆಳಗ್ಗೆ 6 ಗಂಟೆಗೆ ಬೈತಖೋಲ ಬಂದರಿಗೆ ಹೋದೆವು. ಫೈಬರ್ ದೋಣಿ, ಹಿಂದೆ ಔಟ್‌ಬೋರ್ಡ್ ಮೋಟಾರ್. ಐವತ್ತು ದಾಟಿದ ಯಜಮಾನರು, ಜೊತೆಗೆ ಅವರ ಮಗ. ಅರ್ಧ ದಿನಕ್ಕೆ ಮೂವರಿಂದ 9,000 ರೂಪಾಯಿ ತಗೊಂಡರು. ಲೈಫ್ ಜಾಕೆಟ್ ಕೈಗೆ ಕೊಟ್ಟು ಸುಮ್ಮನಾಗಲಿಲ್ಲ. ಒಬ್ಬೊಬ್ಬರ ಬಕಲ್ ಎಳೆದು ನೋಡಿದ ಮೇಲೆಯೇ ಹಗ್ಗ ಬಿಚ್ಚಿದರು. ನೌಕಾನೆಲೆ ಇರುವ ಕಡೆ ಹೋಗುವ ಹಾಗಿಲ್ಲ ಎಂದು ಮೊದಲೇ ಹೇಳಿದರು.

ದೇವಗಡ ದ್ವೀಪದ ದೀಪಸ್ತಂಭ ದೂರದಲ್ಲಿ ಕಾಣುತ್ತಿತ್ತು. ನೀರು ಅಲುಗಾಡದೆ ಮಲಗಿತ್ತು. ಯಜಮಾನರು ನೀರು ನೋಡುತ್ತಿರಲಿಲ್ಲ, ಆಕಾಶ ನೋಡುತ್ತಿದ್ದರು. ಒಂದು ಕಡೆ ಬಿಳಿ ರೀವ ಹಕ್ಕಿಗಳು ಗುಂಪುಗೂಡಿ ಒಂದರ ಹಿಂದೊಂದು ನೀರಿಗೆ ಬೀಳುತ್ತಿದ್ದವು. ನಮ್ಮ ಭೀಮೆಯ ಮೇಲೂ ರೀವ ಹಾರುತ್ತದೆ, ಆದರೆ ಒಂದೋ ಎರಡೋ. ಇಲ್ಲಿ ನೂರಾರು. ಅವುಗಳ ಕೆಳಗೆ ನೀರು ಕಾದ ಎಣ್ಣೆಗೆ ಮಿರ್ಚಿ ಬಿಟ್ಟ ಹಾಗೆ ಚರ್ರನೆ ಕುದಿಯುತ್ತಿತ್ತು.

ಅದು ಗೇದರ ಮೀನಿನ ಗುಂಪು. ಟ್ಯೂನಾ ಜಾತಿಯದು. ಬೆರಳುದ್ದದ ಸಣ್ಣ ಮೀನುಗಳನ್ನು ಕೆಳಗಿನಿಂದ ಅಟ್ಟಿಕೊಂಡು ಮೇಲೆ ತರುತ್ತವೆ. ಮೇಲೆ ಬಂದ ಸಣ್ಣ ಮೀನಿಗೆ ಇನ್ನು ಹೋಗಲು ಜಾಗ ಇಲ್ಲ. ಕೆಳಗೆ ಗೇದರ, ಮೇಲೆ ಹಕ್ಕಿ. ಈ ಊಟ ಕೆಲವೇ ನಿಮಿಷದ್ದು. ಇಂಜಿನ್ ಸದ್ದು ಮೇಲೆ ಬಿತ್ತೋ, ಗುಂಪು ಒಟ್ಟಿಗೇ ಆಳಕ್ಕೆ ಇಳಿಯುತ್ತದೆ.

ಯಜಮಾನರು ದೂರದಿಂದಲೇ ದೋಣಿ ತಿರುಗಿಸಿದರು. ದೊಡ್ಡ ಸುತ್ತು ಹಾಕಿ ಗಾಳಿ ಬರುವ ಕಡೆಗೆ ಹೋಗಿ, ಗುಂಪು ಸಾಗುವ ದಾರಿಗೆ ಸ್ವಲ್ಪ ಮುಂದೆ ನಿಲ್ಲಿಸಿ ಇಂಜಿನ್ ಬಂದ್ ಮಾಡಿದರು. ಗಾಳಿಯೇ ದೋಣಿಯನ್ನು ಮೆಲ್ಲಗೆ ಆ ಕಡೆ ತಳ್ಳಿತು. ಅಳಿಯ ಕೋಲು ಎತ್ತಿಬಿಟ್ಟಿದ್ದ. "ತಡೀರಿ ಸರ್, ಇನ್ನೂ ಬರ್ಲಿ" ಅಂದರು. ಎಣಿಸಿದ್ದರೆ ಅರವತ್ತು ಆಗುತ್ತಿತ್ತು, ಅಷ್ಟು ಹೊತ್ತು. ಆಮೇಲೆ "ಈಗ ಒಗೀರಿ, ನಡುವೆ ಬೇಡ, ಅಂಚಿಗೆ." ಈ ಅರವತ್ತು ಎಣಿಕೆಗೇ ನಾನು 9,000 ಕೊಟ್ಟೆ ಅನ್ನಿ, ಬೇಜಾರಿಲ್ಲ.

ಜಿಗ್ ಅಂದರೆ ಸಣ್ಣ ಮೀನಿನ ಹಾಗೆ ಕಾಣುವ, ಕೊಕ್ಕೆ ಕಟ್ಟಿದ ಲೋಹದ ತುಂಡು. ನನ್ನ ಮೊದಲ ಜಿಗ್ 40 ಗ್ರಾಂ ತೂಕದ್ದು, ಉದ್ದನೆಯದು. ಮೀನು ಮೂಸಿಯೂ ನೋಡಲಿಲ್ಲ. ಯಜಮಾನರ ಮಗ ನನ್ನ ಡಬ್ಬಿ ಹುಡುಕಿ 20 ಗ್ರಾಂನ ಬೆಳ್ಳಿ ಬಣ್ಣದ ಸಣ್ಣ ಜಿಗ್ ಕೊಟ್ಟ. ಮೀನು ಏನು ತಿನ್ನುತ್ತಿದೆಯೋ ಅದೇ ಅಳತೆಯದು ಬೇಕು. ಒಗೆದು, ರೀಲ್ ಎಷ್ಟು ಜೋರು ತಿರುಗುತ್ತದೋ ಅಷ್ಟು ಜೋರು ಸುತ್ತಿದೆ. ಮೂರನೇ ಒಗೆತಕ್ಕೆ ಕೋಲು ಬಾಗಿತು.

ಇಲ್ಲಿ ಸ್ವಲ್ಪ ಸಾಮಾನಿನ ಮಾತು. ನನ್ನದು 7 ಅಡಿ ಕೋಲು, 4000 ಸೈಜಿನ ರೀಲ್, 20 ಪೌಂಡ್ ತಡೆಯುವ ಹೆಣೆದ ದಾರ 200 ಮೀಟರ್, ತುದಿಗೆ 30 ಪೌಂಡ್‌ನ ಫ್ಲೋರೋಕಾರ್ಬನ್ ಎಂಬ ಪ್ಲಾಸ್ಟಿಕ್ ದಾರ ಒಂದೂವರೆ ಮೀಟರ್. ರೀಲಿನ ಡ್ರ್ಯಾಗ್ ಅಂದರೆ ಒಳಗಿರುವ ವಾಷರ್‌ಗಳ ತಿಕ್ಕಾಟ, ಬೈಕಿನ ಕ್ಲಚ್ ಪ್ಲೇಟ್ ಇದ್ದ ಹಾಗೆ. ಎಳೆತ ಜಾಸ್ತಿ ಆದರೆ ಜಾರಬೇಕು, ಜಾರುವಾಗ ಜಗ್ಗಾಡಬಾರದು. ಊರು ಬಿಡುವ ಹಿಂದಿನ ದಿನ ಅಂಗಡಿಯಲ್ಲಿ ದಾರದ ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ನೋಡಿದೆ. ಎರಡೂವರೆ ಕೆಜಿಗೆ ಜಾರಲು ಶುರು ಆಗಬೇಕು ಎಂದು ಬಿಗಿ ಮಾಡಿದೆ. 20 ಪೌಂಡ್ ಎಂದರೆ ಸುಮಾರು 9 ಕೆಜಿ. ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಡ್ರ್ಯಾಗ್ ಇರಬೇಕು. ಕೈಯಿಂದ ಎಳೆದು "ಸರಿ ಇದೆ" ಅನ್ನಬೇಡಿ, ತೂಗಿ ನೋಡಿ.

ಆ ಮೀನು ಮೊದಲ ಓಟಕ್ಕೇ ನೂರು ಮೀಟರ್‌ನಷ್ಟು ದಾರ ಎಳೆಯಿತು. ರೀಲ್ ಒಂದೇ ದನಿಯಲ್ಲಿ ಹಾಡುತ್ತಿತ್ತು. ನನ್ನ ಎದೆ ಅದಕ್ಕಿಂತ ಜೋರು ಹೊಡೆದುಕೊಳ್ಳುತ್ತಿತ್ತು. ಮರಲ್ ಮೀನು ಜೊಂಡಿನೊಳಗೆ ನುಗ್ಗುತ್ತದೆ, ಎರಡು ಜಗ್ಗಿಗೆ ಮುಗಿಯಿತು. ಗೇದರ ನಿಲ್ಲುವುದೇ ಇಲ್ಲ. ಈಜುತ್ತಲೇ ಇದ್ದರೆ ಮಾತ್ರ ಕಿವಿರಿಗೆ ನೀರು ನುಗ್ಗಿ ಉಸಿರಾಡುವ ಜಾತಿ ಅದು. ಕೊನೆಗೆ ದೋಣಿಯ ಕೆಳಗೆ ಸುತ್ತು ಹಾಕತೊಡಗಿತು. ಪ್ರತಿ ಸುತ್ತಿಗೂ ಒಂದು ಗೇಣು ಮೇಲೆ ಬಂತು. ಯಜಮಾನರು ಕೋಲು ಮುಟ್ಟಲಿಲ್ಲ, ಕಿತ್ತುಕೊಳ್ಳಲೂ ಇಲ್ಲ. "ಕೋಲು ನೆಟ್ಟಗೆ ಎತ್ಬೇಡಿ" ಅಂತ ಮಾತ್ರ ಹೇಳುತ್ತಿದ್ದರು. ಮೇಲೆ ಬಂದಾಗ ನೋಡಬೇಕಿತ್ತು. ಬೆನ್ನ ಮೇಲೆ ಕಡುನೀಲಿಯಲ್ಲಿ ಅಲೆ ಅಲೆ ಗೆರೆ, ಎದೆಯ ರೆಕ್ಕೆಯ ಕೆಳಗೆ ಬೆರಳಚ್ಚಿನಂಥ ಮೂರ್ನಾಲ್ಕು ಕಪ್ಪು ಚುಕ್ಕೆ. ತೂಕ 3 ಕೆಜಿಗೆ ಸ್ವಲ್ಪ ಕಡಿಮೆ.

ಮಗ ಒಂದು ನಿಮಿಷವೂ ತಡ ಮಾಡಲಿಲ್ಲ. ಕಿವಿರು ಕೊಯ್ದು ರಕ್ತ ಹರಿಸಿ, ತೊಳೆದು ಐಸ್‌ನೊಳಗೆ ಹೂತ. ಈ ಜಾತಿಯ ಮೀನು ಬಿಸಿಲಿಗೆ ಬಿದ್ದರೆ ಒಳಗೆ ಹಿಸ್ಟಮಿನ್ ಹುಟ್ಟುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಹೋಗುವುದಿಲ್ಲ, ತಿಂದವರ ಮೈ ಕೆಂಪಾಗಿ ತಲೆ ಸಿಡಿಯುತ್ತದೆ. ಮೂರು ಮೀನು ಇಟ್ಟುಕೊಂಡೆವು, ಐದು ಬಿಟ್ಟೆವು. ಬಿಡುವಾಗ ಮೆಲ್ಲಗೆ ಇಳಿಸುವುದಲ್ಲ, ತಲೆ ಕೆಳಗೆ ಮಾಡಿ ಈಟಿ ಎಸೆದ ಹಾಗೆ ನೀರಿಗೆ ಎಸೆದರು. ಆ ರಭಸಕ್ಕೆ ಕಿವಿರೊಳಗೆ ನೀರು ಹೊಕ್ಕು ಮೀನು ಓಡಿತು.

ಕೊರತೆಯೂ ಹೇಳಬೇಕು. ಪೆಟ್ರೋಲ್ ತರಲು ಹೋಗಿ ಮುಕ್ಕಾಲು ಗಂಟೆ ತಡ ಮಾಡಿದರು. ಬೆಳಗಿನ ಮುಕ್ಕಾಲು ಗಂಟೆ ಬಹಳ ದೊಡ್ಡದು. ನೆರಳಿಗೆ ಏನೂ ಇಲ್ಲ, ಟೊಪ್ಪಿಗೆ ಮತ್ತು ಉದ್ದ ತೋಳಿನ ಅಂಗಿ ಬೇಕೇ ಬೇಕು. ಐಸ್‌ಗೆ ಬೇರೆ ದುಡ್ಡು. ದೋಣಿಯಲ್ಲಿರುವ ಕೋಲುಗಳು ದಪ್ಪ, ಮೀನು ಎಳೆಯಲು ಸರಿ, ಸಣ್ಣ ಜಿಗ್ ಒಗೆಯಲು ಬರುವುದಿಲ್ಲ. ಕೊಕ್ಕೆಗಳಿಗೆ ತುಕ್ಕು ಹಿಡಿದಿತ್ತು. ನಿಮ್ಮ ಸಾಮಾನು ನೀವೇ ಒಯ್ಯಿರಿ. ಹೊಟ್ಟೆ ತೊಳಸುವವರು ಖಾಲಿ ಹೊಟ್ಟೆಯಲ್ಲಿ ಹತ್ತಬೇಡಿ. ನಮ್ಮ ಕಟಕ ಜೋಳದ ರೊಟ್ಟಿ, ಶೇಂಗಾ ಹಿಂಡಿ ಮೂವರನ್ನೂ ಕಾಪಾಡಿತು. ಜೂನ್, ಜುಲೈ ಕೇಳಲೇಬೇಡಿ, ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್ ಇರುತ್ತದೆ. ನವೆಂಬರ್ ಆದ ಮೇಲೆ ಬನ್ನಿ ಎಂದು ಯಜಮಾನರೇ ಹೇಳಿದರು. ವಾಪಸ್ ಬಂದ ತಕ್ಷಣ ರೀಲಿಗೆ ಸಿಹಿನೀರು ತೋರಿಸಿ, ಉಪ್ಪು ಒಳಗೆ ಕೂತರೆ ಬೇರಿಂಗ್ ಹೋಗುತ್ತದೆ.

ಮೀನಿನ ಥರ್ಮಾಕೋಲ್ ಡಬ್ಬಕ್ಕೆ ಹುಬ್ಬಳ್ಳಿಯಲ್ಲಿ ಹೊಸ ಐಸ್ ತುಂಬಿ ಯಾದಗಿರಿಗೆ ತಂದೆ. ಅವ್ವ ಕೊಯ್ದು ನೋಡಿ, "ಇದೇನಪ, ಕುರಿ ಮಾಂಸದಂಗ ಕೆಂಪಗ ಅದ?" ಅಂದಳು. ಖಾರ, ಹುಣಸೆಹುಳಿ ಜಾಸ್ತಿ ಹಾಕಿ ಗಟ್ಟಿಯಾಗಿ ಮಾಡಿದಳು. ಓಣಿಯ ನಾಲ್ಕು ಮನೆಗೆ ಬಟ್ಟಲು ಹೋಯಿತು. ಈ ವರ್ಷ ಡಿಸೆಂಬರ್ ಎರಡನೇ ವಾರಕ್ಕೆ ಅದೇ ದೋಣಿಗೆ ಹೇಳಿಟ್ಟಿದ್ದೇನೆ. ಪೆಟ್ರೋಲ್ ಹಿಂದಿನ ರಾತ್ರಿಯೇ ತುಂಬಿಸಿ ಇಡಿ ಎಂದೂ ಹೇಳಿದ್ದೇನೆ.