ಸಿಹಿಯಿಲ್ಲದ ಕೋಕೋ ಪುಡಿ: ಬಣ್ಣ ನೋಡಿ ಕೊಳ್ಳಬೇಡಿ

ಬಸವನಗುಡಿಯ ನಮ್ಮ ಅಡುಗೆಮನೆಯಲ್ಲಿ ಕೋಕೋ ಪುಡಿಯ ಎರಡು ಡಬ್ಬಿಗಳಿವೆ. ಒಂದರಲ್ಲಿ ಕ್ಷಾರ ಸೇರಿಸದ, ತಿಳಿಗಂದು ಬಣ್ಣದ ಸಾದಾ ಪುಡಿ. ಇನ್ನೊಂದರಲ್ಲಿ ‘ಡಾರ್ಕ್’ ಎಂದು ದೊಡ್ಡದಾಗಿ ಅಚ್ಚು ಹಾಕಿಸಿಕೊಂಡ, ಇದ್ದಿಲಿನಷ್ಟು ಕಪ್ಪಾದ ಪುಡಿ. ಮೊದಲನೆಯದು ಕುಡಿಯಲು, ಎರಡನೆಯದು ಕೇಕ್‌ಗೆ. ವರ್ಷಗಳಿಂದ ಎರಡನ್ನೂ ಬಳಸುತ್ತಿದ್ದೇನೆ. ಪೌಷ್ಟಿಕಾಂಶವೇ ಮುಖ್ಯ ಎನ್ನುವವರು ತಿಳಿಗಂದು ಪುಡಿಯನ್ನೇ ಕೊಳ್ಳಬೇಕು. ಕಪ್ಪಾದಷ್ಟೂ ಸತ್ವ ಹೆಚ್ಚು ಎಂದು ಅಂಗಡಿಯವರು ಹೇಳುತ್ತಾರೆ, ನೆಂಟರೂ ತಲೆಯಾಡಿಸುತ್ತಾರೆ. ನಿಜ ಇರುವುದು ಅದಕ್ಕೆ ತದ್ವಿರುದ್ಧವಾಗಿ.

ಪುಡಿಗೆ ಆ ಕಡುಗಪ್ಪು ಬರುವುದು ಪೊಟ್ಯಾಸಿಯಂ ಕಾರ್ಬೊನೇಟ್‌ನಂತಹ ಕ್ಷಾರದಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ನೆದರ್ಲೆಂಡ್ಸ್‌ನ ವಾನ್ ಹೌಟೆನ್ ಬಳಕೆಗೆ ತಂದ ವಿಧಾನವಿದು; ಅದಕ್ಕೇ ‘ಡಚ್’ ಕೋಕೋ ಎಂಬ ಹೆಸರು. ಹುಳಿ ಮತ್ತು ಒಗರು ತಗ್ಗುತ್ತವೆ, ಬಣ್ಣ ಏರುತ್ತದೆ. ಜೊತೆಗೆ, ಕೋಕೋಗೆ ಇಷ್ಟೊಂದು ಕೀರ್ತಿ ತಂದ ಫ್ಲಾವನಾಲ್‌ಗಳೆಂಬ ಸಸ್ಯಾಂಶಗಳೂ ಹೋಗುತ್ತವೆ. ಅಮೆರಿಕದಲ್ಲಿ ಮಾರಾಟವಾಗುವ ಪುಡಿಗಳನ್ನು ಅಳೆದು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಷಾರ ಸೇರಿಸದ ಪುಡಿಯಲ್ಲಿ ಗ್ರಾಮಿಗೆ ಸರಾಸರಿ 34.6 ಮಿಲಿಗ್ರಾಂ ಫ್ಲಾವನಾಲ್ ಇತ್ತು. ಹೆಚ್ಚು ಕ್ಷಾರ ಕಂಡ ಪುಡಿಯಲ್ಲಿ ಉಳಿದಿದ್ದು 3.9 ಮಿಲಿಗ್ರಾಂ. ರಕ್ತನಾಳಗಳ ಹಿಗ್ಗುವ ಗುಣ ಕಾಪಾಡಲು ದಿನಕ್ಕೆ 200 ಮಿಲಿಗ್ರಾಂ ಬೇಕೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2012ರಲ್ಲಿ ಹೇಳಿತು. ಆ ಸರಾಸರಿಯಂತೆ ಸಾದಾ ಪುಡಿಯ ಎರಡು ಚಮಚದಲ್ಲಿ ಅದು ಸಿಕ್ಕಿಬಿಡುತ್ತದೆ, ಕಪ್ಪು ಪುಡಿಯಲ್ಲಾದರೆ ಹತ್ತು ಚಮಚ ಬೇಕು. ಹತ್ತು ಚಮಚ ಕೋಕೋ ಕುಡಿಯುವವರನ್ನು ನಾನಂತೂ ಕಂಡಿಲ್ಲ.

ಡಬ್ಬಿಯ ಮುಂಭಾಗ ಬಿಟ್ಟು ಹಿಂಭಾಗ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಅಸಿಡಿಟಿ ರೆಗ್ಯುಲೇಟರ್ ಎಂಬುದರ ಪಕ್ಕ 500 ಅಥವಾ 501 ಎಂಬ ಸಂಖ್ಯೆ ಕಂಡರೆ ಅದು ಕ್ಷಾರ ಕಂಡ ಪುಡಿ. ಸಕ್ಕರೆಯೇ ಮೊದಲ ಹೆಸರಾಗಿದ್ದರೆ ಅದು ಕೋಕೋ ಪುಡಿಯಲ್ಲ, ಡ್ರಿಂಕಿಂಗ್ ಚಾಕೊಲೇಟ್; ಅದನ್ನು ಆರೋಗ್ಯದ ಹೆಸರಿನಲ್ಲಿ ಮಕ್ಕಳಿಗೆ ಕೊಡಬೇಡಿ. ನನ್ನ ಒಂದೇ ದೂರೆಂದರೆ, ನಾನು ಕೊಳ್ಳುವ ಎರಡು ಡಬ್ಬಿಗಳಲ್ಲೂ ಫ್ಲಾವನಾಲ್ ಪ್ರಮಾಣ ಬರೆದಿಲ್ಲ.

ಇನ್ನು 100 ಗ್ರಾಮಿನ ಲೆಕ್ಕ. ಸಾದಾ ಕೋಕೋ ಪುಡಿಯಲ್ಲಿ ಸುಮಾರು 20 ಗ್ರಾಂ ಪ್ರೋಟೀನ್, 35 ಗ್ರಾಮಿನ ಆಸುಪಾಸು ನಾರು, 14 ಮಿಲಿಗ್ರಾಂ ಕಬ್ಬಿಣ, 500 ಮಿಲಿಗ್ರಾಂ ಮೆಗ್ನೀಸಿಯಂ. ಓದಲು ಬಲು ಚೆಂದ. ಆದರೆ ಲೋಟಕ್ಕೆ ಬೀಳುವುದು ಐದು ಗ್ರಾಮಿನ ಚಮಚ. ಅದರಲ್ಲಿ 11 ಕ್ಯಾಲೊರಿ, ಒಂದು ಗ್ರಾಂ ಪ್ರೋಟೀನ್, ಎರಡು ಗ್ರಾಮಿಗೆ ತುಸು ಕಡಿಮೆ ನಾರು, 25 ಮಿಲಿಗ್ರಾಂ ಮೆಗ್ನೀಸಿಯಂ, 0.7 ಮಿಲಿಗ್ರಾಂ ಕಬ್ಬಿಣ. ಆ ಕಬ್ಬಿಣವನ್ನೂ ಕೋಕೋದ ಪಾಲಿಫಿನಾಲ್‌ಗಳೇ (ಫ್ಲಾವನಾಲ್‌ಗಳೂ ಸೇರಿದ ಬಳಗ) ಪೂರ್ತಿ ಒಳಸೇರಲು ಬಿಡುವುದಿಲ್ಲ. ರಕ್ತಹೀನತೆಗೆ ಕೋಕೋ ಮದ್ದು ಎನ್ನುವ ವಾಟ್ಸಾಪ್ ಪಂಡಿತರಿಗೆ ಇದನ್ನು ಯಾರಾದರೂ ತಲುಪಿಸಿ. ಕ್ಯಾಲ್ಸಿಯಂ ವಿಷಯದಲ್ಲಿ ನಮ್ಮ ರಾಗಿಯ ಮುಂದೆ ಇದು ನಿಲ್ಲುವುದೇ ಇಲ್ಲ: ರಾಗಿಯಲ್ಲಿ 100 ಗ್ರಾಮಿಗೆ 364 ಮಿಲಿಗ್ರಾಂ, ಕೋಕೋದಲ್ಲಿ ಸುಮಾರು 128.

ಹಾಗಾಗಿ ನಮ್ಮ ಮನೆಯಲ್ಲಿ ರಾಗಿ, ಕೋಕೋ ಎರಡೂ ಒಂದೇ ಪಾತ್ರೆಗೆ ಬೀಳುತ್ತವೆ. ಒಂದು ಚಮಚ ಕೋಕೋವನ್ನು ಮೊದಲು ಸ್ವಲ್ಪ ಬಿಸಿನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುತ್ತಿರುವ ರಾಗಿ ಗಂಜಿಗೆ ಸುರಿದು, ಚೂರು ಬೆಲ್ಲ ಹಾಕುತ್ತೇನೆ. ನೇರವಾಗಿ ಹಾಲಿಗೆ ಉದುರಿಸಿದರೆ ಪುಡಿ ಮೇಲೆಯೇ ತೇಲುತ್ತದೆ. ಸಾದಾ ಪುಡಿಯ ಹುಳಿಯೊಗರು ಮೊದಮೊದಲು ಮುಖ ಹಿಂಡಿಸುತ್ತದೆ, ಬೆಲ್ಲದೊಂದಿಗೆ ಒಗ್ಗುತ್ತದೆ. ಕಪ್ಪು ಪುಡಿಯ ರುಚಿ ಮೃದು, ಕೇಕ್‌ನ ಬಣ್ಣವೂ ಸೊಗಸು; ಬೇಕರಿಯ ನೋಟ ಬೇಕೆನ್ನುವವರಿಗೆ ಅದೇ ಸರಿ.

ಹೃದಯದ ಬಗ್ಗೆ ಕೇಳುವವರಿಗೆ: ಅಮೆರಿಕದಲ್ಲಿ 21,442 ಹಿರಿಯರ ಮೇಲೆ ನಡೆದ ಕಾಸ್ಮಾಸ್ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ದಿನಕ್ಕೆ 500 ಮಿಲಿಗ್ರಾಂ ಕೋಕೋ ಫ್ಲಾವನಾಲ್ ಇರುವ ಮಾತ್ರೆ ಕೊಟ್ಟರೂ ಹೃದಯಾಘಾತ, ಪಾರ್ಶ್ವವಾಯು ಮೊದಲಾದವುಗಳ ಒಟ್ಟು ಸಂಖ್ಯೆ ಗಮನಾರ್ಹವಾಗಿ ಇಳಿಯಲಿಲ್ಲ. ಹೃದ್ರೋಗದ ಸಾವುಗಳು ಮಾತ್ರ 27 ಶೇಕಡಾ ಕಡಿಮೆಯಿದ್ದವು. ಭರವಸೆ ಇದೆ, ಬಿ.ಪಿ. ಮಾತ್ರೆ ಬಿಡುವಷ್ಟಲ್ಲ.

ನಡುವೆ ಬೆಲೆಯೂ ಏರಿತ್ತು. 2024ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಕೋಕೋ ಟನ್ನಿಗೆ 12,000 ಡಾಲರ್ ದಾಟಿದ್ದರ ಬಿಸಿ ಗಾಂಧಿ ಬಜಾರಿನವರೆಗೂ ತಟ್ಟಿತು. ನಮ್ಮದೇ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೋಕೋ ಬೆಳೆಯುತ್ತದೆ, ಪುತ್ತೂರಿನಲ್ಲಿ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೆ. ಆದರೂ ಲೋಕದ ಬೆಲೆ ನಮ್ಮನ್ನು ಬಿಡುವುದಿಲ್ಲ.

ಕಿಡ್ನಿಯಲ್ಲಿ ಆಕ್ಸಲೇಟ್ ಕಲ್ಲು ಆದವರು ವೈದ್ಯರನ್ನು ಕೇಳಿಯೇ ಬಳಸಿ, ಕೋಕೋದಲ್ಲಿ ಆಕ್ಸಲೇಟ್ ಹೆಚ್ಚು. ಚಮಚಕ್ಕೆ ಸುಮಾರು 12 ಮಿಲಿಗ್ರಾಂ ಕೆಫೀನ್ ಇದೆ, ಫಿಲ್ಟರ್ ಕಾಫಿ ಕುಡಿದು ಮಲಗುವವರಿಗೆ ಅದೇನೂ ಲೆಕ್ಕಕ್ಕಿಲ್ಲ. ಆದರೆ ಜೊತೆಗಿರುವ 100 ಮಿಲಿಗ್ರಾಂ ಥಿಯೊಬ್ರೊಮಿನ್ ಎಂಬ ಕೆಫೀನ್‌ನಂತಹ ಪದಾರ್ಥ ನಾಯಿಗಳಿಗೆ ವಿಷ. ನಾಯಿ ಸಾಕಿದವರು ಡಬ್ಬಿಯನ್ನು ಮೇಲಿನ ಕಪಾಟಿನಲ್ಲಿ ಇಡಿ.