ಮಲೇಷ್ಯಾದ ಬಾತು ಗುಹೆಗೆ ಎರಡು ಸಲ: ಗುಂಪಿನ ಟೂರ್ ಒಳ್ಳೆಯದಾ, ನಾವೇ ಹೊರಡುವುದಾ?

ಮೂಡಿಗೆರೆ ಕಡೆಯ ಕಾಫಿ ತೋಟದವರಿಗೆ ರಜೆ ಅಂದರೆ ಮೇ ತಿಂಗಳು. ಕೊಯ್ಲು ಮುಗಿದಿರುತ್ತದೆ, ಹೂಮಳೆ ಬಂದು ಹೋಗಿರುತ್ತದೆ, ಮುಂಗಾರು ಹಿಡಿಯಲು ಇನ್ನೂ ಎರಡು ಮೂರು ವಾರ ಇರುತ್ತದೆ. ನಾನು ಚಿಕ್ಕವನಿದ್ದಾಗ ಆ ದಿನಗಳಲ್ಲಿ ಹೊರನಾಡು, ಶೃಂಗೇರಿ, ಧರ್ಮಸ್ಥಳ, ಆಮೇಲೆ ಸಕಲೇಶಪುರದ ಅಜ್ಜಿ ಮನೆ. ಮನೆಯಲ್ಲಿ ಮದುವೆ ಇದ್ದ ವರ್ಷ ಅದೂ ಇಲ್ಲ.

ಹೊರದೇಶದ ಮಾತು ನಮ್ಮ ಮನೆಗೆ ಬಂದಿದ್ದು 1996ರಲ್ಲಿ. 1994ರಲ್ಲಿ ಬ್ರೆಜಿಲ್‌ನ ಕಾಫಿ ಗಿಡಗಳು ಹಿಮಕ್ಕೆ ಸುಟ್ಟು, ಎಲ್ಲ ಕಡೆ ಬೆಲೆ ಮೇಲೆದ್ದಿತ್ತು. ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೇ, ಅಂದರೆ ಎಲ್ಲರ ಬೆಳೆ ಒಟ್ಟು ಸೇರಿಸಿ ಮಾರುವ ವ್ಯವಸ್ಥೆಗೇ, ಕೊಡಬೇಕೆಂಬ ನಿಯಮವೂ ಆ ವರ್ಷಗಳಲ್ಲೇ ಸಡಿಲವಾಯಿತು. ಸಾಲ ತೀರಿ ಕೈಯಲ್ಲಿ ಸ್ವಲ್ಪ ಉಳಿದಾಗ ಅಪ್ಪ ಸಿಂಗಪುರ, ಮಲೇಷ್ಯಾ ಟೂರ್‌ಗೆ ದುಡ್ಡು ಕಟ್ಟಿದರು. 2024ರಲ್ಲಿ ವಿಯೆಟ್ನಾಂನಲ್ಲಿ ಬರ ಬಂದು ರೊಬಸ್ಟಾ ಕಾಫಿಯ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. ಈ ಸಲ ದುಡ್ಡು ಹಾಕಿದ್ದು ನಾನು. ಹೋಗಿದ್ದು ಅದೇ ಮಲೇಷ್ಯಾಕ್ಕೆ, ಆದರೆ ಟೂರ್‌ನವರಿಲ್ಲದೆ. ಅಮ್ಮ ಎರಡು ಸಲವೂ ಜೊತೆಗಿದ್ದರು. ಅಪ್ಪ ಈಗಿಲ್ಲ.

ಹೊರಡುವ ತಯಾರಿಯಲ್ಲಿ ನಮ್ಮದೇ ಪ್ರವಾಸ ಗೆದ್ದಿತು ಅಂತ ಮೇಲ್ನೋಟಕ್ಕೆ ಅನ್ನಿಸುತ್ತದೆ. ಆಗ ಪಾಸ್‌ಪೋರ್ಟಿಗೆ ಅಪ್ಪ ಮೂರು ಸಲ ಬೆಂಗಳೂರಿಗೆ ಅಲೆದಿದ್ದರು. ವಿಮಾನ ಹತ್ತಲು ರಾತ್ರಿ ರೈಲಿನಲ್ಲಿ ಮದ್ರಾಸಿಗೆ ಹೋಗಿದ್ದೆವು. ಈಗ ಬೆಂಗಳೂರಿನಿಂದ ನೇರ ವಿಮಾನ, ನಾಲ್ಕು ಗಂಟೆ ಚಿಲ್ಲರೆ. 2023ರ ಡಿಸೆಂಬರ್ 1ರಿಂದ ನಮ್ಮವರಿಗೆ ಮಲೇಷ್ಯಾದಲ್ಲಿ 30 ದಿನಗಳವರೆಗೆ ವೀಸಾ ಬೇಡ. ಹೊರಡುವ ಮೊದಲು ಮೊಬೈಲ್‌ನಲ್ಲಿ ಒಂದು ಡಿಜಿಟಲ್ ಕಾರ್ಡ್ ತುಂಬಿದರೆ ಸಾಕು. ಆದರೆ ಹೋಟೆಲು, ರೈಲು, ಟಿಕೆಟ್ಟು ಎಂದು ನಾನು ಎರಡು ತಿಂಗಳು ರಾತ್ರಿ ಕೂತಿದ್ದೆ. ಆ ಲೆಕ್ಕವನ್ನು ಯಾರೂ ಹೇಳುವುದಿಲ್ಲ. ಅಪ್ಪನಿಗೆ ಆ ತಲೆನೋವು ಇರಲೇ ಇಲ್ಲ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಐದು ಜನಕ್ಕೆ ಟೂರ್‌ನವರು ಹೇಳಿದ್ದಕ್ಕಿಂತ ನಮಗೆ ಕಾಲು ಭಾಗ ಕಡಿಮೆ ಆಯಿತು. ಅವರಲ್ಲಿ ಕಟ್ಟಿದ್ದರೆ ಆಗಿನ ನಿಯಮದಂತೆ ಶೇಕಡ 5 ಟಿಸಿಎಸ್, ಅಂದರೆ ದುಡ್ಡು ಕಟ್ಟುವಾಗಲೇ ಹಿಡಿಯುವ ತೆರಿಗೆ, ಬೇರೆ ಹಿಡಿಯುತ್ತಿದ್ದರು. ಅದನ್ನು ರಿಟರ್ನ್ಸ್ ಹಾಕುವಾಗ ಹೊಂದಿಸಿಕೊಳ್ಳಬಹುದು ನಿಜ, ಆದರೆ ಹೊರಡುವ ಹೊತ್ತಿಗೆ ಕೈಯಿಂದ ಹೋಗಿರುತ್ತದಲ್ಲ.

ಊಟದಲ್ಲಿ ಗುಂಪೇ ಮೇಲು. ಇದರಲ್ಲಿ ನನಗೆ ಅನುಮಾನವೇ ಇಲ್ಲ. 1996ರಲ್ಲಿ ಟೂರ್‌ನವರು ಅಡುಗೆಯವರನ್ನೇ ಕರೆತಂದಿದ್ದರು. ಕ್ವಾಲಾಲಂಪುರದಲ್ಲಿ ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಅನ್ನ ಸಾರು. ಈ ಸಲ ಮಲೇಷ್ಯಾದ ಪೆನಾಂಗ್‌ನಲ್ಲಿ ಬರೀ ತರಕಾರಿ ಅಂತ ತರಿಸಿದ ಸೊಪ್ಪಿನ ಪಲ್ಯದಲ್ಲಿ ಬೆಲಾಚಾನ್ ಇತ್ತು. ಅಂದರೆ ಸೀಗಡಿಯನ್ನು ಹುದುಗಿಸಿ ಮಾಡಿದ ಮಸಾಲೆ. ಅಮ್ಮ ಒಂದು ತುತ್ತು ಬಾಯಿಗಿಟ್ಟು ಸುಮ್ನೆ ತಟ್ಟೆ ಪಕ್ಕಕ್ಕೆ ಸರಿಸಿದರು. ಅವತ್ತು ನನಗೆ ತುಂಬಾ ಬೇಜಾರಾಯಿತು. ಮರುದಿನದಿಂದ ಬಾಳೆಲೆ ಊಟದ ಹೋಟೆಲು ಹುಡುಕಿಕೊಂಡೇ ತಿರುಗಿದೆವು.

ಅದೇ ಹುಡುಕಾಟದಲ್ಲಿ ಗುಂಪಿನಲ್ಲಿ ಎಂದೂ ಸಿಗದ ಒಂದು ಖುಷಿಯೂ ಸಿಕ್ಕಿತು. ನಮ್ಮ ತೋಟದ ಲೈನ್‌ನಲ್ಲಿ, ಅಂದರೆ ಕೂಲಿಯವರ ಮನೆ ಸಾಲಿನಲ್ಲಿ, ತಮಿಳಿನವರು ಜಾಸ್ತಿ. ಅವರ ಜೊತೆ ಮಾತಾಡಿ ಅಮ್ಮನಿಗೆ ತಮಿಳು ಬರುತ್ತದೆ. ಪೆನಾಂಗ್‌ನ ಲಿಟಲ್ ಇಂಡಿಯಾದಲ್ಲಿ ಹೂವಿನ ಅಂಗಡಿಯ ಹೆಂಗಸಿನ ಜೊತೆ ಒಂದು ಗಂಟೆ ಮಾತಾಡಿದರು. ಆಕೆಯ ಹಿರಿಯರು ರಬ್ಬರ್ ತೋಟಕ್ಕೆ ಬಂದವರಂತೆ. ಇಬ್ಬರೂ ತೋಟದ ಕೂಲಿ, ಮಳೆ, ಜಿಗಣೆ ಅಂತ ಶುರು ಮಾಡಿದರು. ಎದುರಿಗೆ ಕೊಪಿ, ಅಂದರೆ ಅಲ್ಲಿಯವರ ಕಾಫಿ, ಮಾರುವ ಅಂಗಡಿ. ಅಲ್ಲಿ ಬೀಜವನ್ನು ಸಕ್ಕರೆ, ಮಾರ್ಗರಿನ್ ಹಾಕಿ ಕಪ್ಪಗೆ ಹುರಿಯುತ್ತಾರೆ. ಅಮ್ಮ ಕುಡಿದು, "ಬೀಜ ಸೀದುಹೋಗಿದೆ" ಅಂದರು. ಆದರೂ ಲೋಟ ಖಾಲಿ ಮಾಡಿದರು.

ಹೊತ್ತಿನ ವಿಷಯಕ್ಕೆ ಬಂದರೆ ನಾನು ಪೂರ್ತಿ ನಮ್ಮದೇ ಪ್ರವಾಸದ ಕಡೆ. ಅದಕ್ಕೆ ಕಾರಣ ಕ್ವಾಲಾಲಂಪುರದ ಹತ್ತಿರದ ಬಾತು ಗುಹೆ, ಮೆಟ್ಟಿಲು ಹತ್ತಿ ಹೋಗಿ ನೋಡುವ ಸುಬ್ರಹ್ಮಣ್ಯನ ಗುಡಿ. 1996ರಲ್ಲಿ ಅಲ್ಲಿ ನಮಗೆ ಕೊಟ್ಟಿದ್ದು ನಲವತ್ತು ನಿಮಿಷ. 272 ಮೆಟ್ಟಿಲು. ಅಪ್ಪ ಅರ್ಧಕ್ಕಿಂತ ಮೇಲೆ ಹತ್ತಿದ್ದರು, ಆಗ ಕೆಳಗೆ ಮ್ಯಾನೇಜರ್ ವಿಸಲ್ ಊದಿದರು. ಸುಬ್ರಹ್ಮಣ್ಯನ ದರ್ಶನ ಆಗದೆ ಅಪ್ಪ ಹಾಗೇ ಇಳಿದು ಬಂದು ಬಸ್ ಹತ್ತಿದರು. ಏನೂ ಹೇಳಲಿಲ್ಲ. ಮುಂದಿನ ನಿಲ್ದಾಣದಲ್ಲಿ ಚಾಕೊಲೇಟ್ ಅಂಗಡಿಗೆ ಒಂದೂವರೆ ಗಂಟೆ ಕೊಟ್ಟಿದ್ದರು.

ಈ ಸಲ ಕ್ವಾಲಾಲಂಪುರದ ದೊಡ್ಡ ರೈಲು ನಿಲ್ದಾಣವಾದ ಕೆಎಲ್ ಸೆಂಟ್ರಲ್‌ನಿಂದ ಲೋಕಲ್ ರೈಲಿನಲ್ಲಿ ಹೋದೆವು. ಅದು ಗುಹೆಯ ಪಕ್ಕದಲ್ಲೇ ಇಳಿಸುತ್ತದೆ. ಆಗ ಇಲ್ಲದ 140 ಅಡಿಯ ಮುರುಗನ್ ಮೂರ್ತಿ ಈಗ ಇದೆ, 2006ರಲ್ಲಿ ನಿಲ್ಲಿಸಿದ್ದು. ಮೆಟ್ಟಿಲಿಗೆ ಬಣ್ಣ ಬಳಿದಿದ್ದಾರೆ. ಅಮ್ಮನಿಗೆ 72, ಮಂಡಿ ನೋವು, ಹತ್ತಲಾಗುವುದಿಲ್ಲ. ಕೆಳಗೆ ಪಾರಿವಾಳಗಳ ಮಧ್ಯೆ ಕೂತರು, ಹೆಂಡತಿ ಜೊತೆಗಿದ್ದಳು. ನಾನು ಮಕ್ಕಳ ಜೊತೆ ಮೇಲೆ ಹೋಗಿ ಗುಡಿಯ ಮುಂದೆ ನಿಂತು ವಿಡಿಯೋ ಕಾಲ್ ಮಾಡಿದೆ. ಅಮ್ಮ ಫೋನ್‌ಗೇ ಕೈಮುಗಿದರು. ಇಳಿದು ಬಂದಾಗ ಮೆಟ್ಟಿಲಿನ ನಡುವಿನ ಒಂದು ಜಾಗ ತೋರಿಸಿ, "ನಿಮ್ಮಪ್ಪ ಅಲ್ಲಿವರೆಗೆ ಹೋಗಿದ್ರು" ಅಂದರು. ಅಲ್ಲಿ ಮೂರು ಗಂಟೆ ಇದ್ದೆವು. ಯಾರೂ ವಿಸಲ್ ಊದಲಿಲ್ಲ.

ಆದರೆ ಒಂದು ತಪ್ಪು ನನ್ನದೇ. ಪೆನಾಂಗ್‌ನಲ್ಲಿ ಫೋಟೋ ನೋಡಿ ಹಿಡಿದ ಮನೆ ನಾಲ್ಕನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ಅಮ್ಮ ಎರಡು ದಿನ ಮಧ್ಯಾಹ್ನದ ಮೇಲೆ ಕೆಳಗಿಳಿಯಲೇ ಇಲ್ಲ. ಗುಂಪಿನಲ್ಲಿ ಹೋಗಿದ್ದರೆ ಹೀಗೆ ಆಗುತ್ತಿರಲಿಲ್ಲ. ಇನ್ನೊಂದು, ಗುಂಪಿನಲ್ಲಿ ಅಮ್ಮನಿಗೆ ಓರಗೆಯವರು ಇದ್ದರು. ಅರಸೀಕೆರೆಯ ಒಬ್ಬರ ಜೊತೆ ಆಗ ಶುರುವಾದ ಸ್ನೇಹ ಇವತ್ತಿಗೂ ಇದೆ, ಮಕ್ಕಳ ಮದುವೆಗೆ ಹೋಗಿ ಬರುವಷ್ಟು. ನಮ್ಮ ಜೊತೆ ಬಂದಾಗ ಅಮ್ಮನಿಗೆ ನಾವು ಮಾತ್ರ. ಸಂಜೆ ಹೊತ್ತು ನಾವೆಲ್ಲ ಮೊಬೈಲ್‌ನಲ್ಲಿ ನಾಳೆಯ ದಾರಿ ನೋಡುತ್ತಾ ಕೂತಿರುತ್ತಿದ್ದೆವು.

ಮೊನ್ನೆ ಚಿಕ್ಕಮ್ಮ ಫೋನ್ ಮಾಡಿದ್ದರು. ಚಿಕ್ಕಪ್ಪನಿಗೆ ಎಪ್ಪತ್ತೈದು, ಇಬ್ಬರೇ ಹೋಗಬೇಕು, ಯಾವುದು ಸರಿ ಎಂದು ಕೇಳಿದರು. ಗುಂಪಿನಲ್ಲೇ ಹೋಗಿ ಅಂದೆ. ದುಡ್ಡು ಕಟ್ಟುವ ಮೊದಲು ಎರಡು ಮಾತು ಕೇಳಿಕೊಳ್ಳಿ ಅಂದೆ: ಅಡುಗೆಯವರು ಜೊತೆಗೆ ಬರುತ್ತಾರಾ, ಬಾತು ಗುಹೆಯಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾರೆ.